ಬೀಗದ ಕೈ ಯಾರದ್ದು?

ಎರಡು ವರ್ಷದ ಹಿಂದಿನ ಮಾತು. ಟೀಮಿನ ಹುಡುಗನೊಬ್ಬ ರಾಜೀನಾಮೆ ಕೊಟ್ಟಿದ್ದ. ಹೋಗುವ ಮುಂಚೆ ಕ್ಲೈಂಟ್ ಜೊತೆ ಏನಾದ್ರೂ ಮಾತಾಡಿಕೊಂಡಿದ್ದಾನಾ ಅಂತ ನಮ್ಮ ಮ್ಯಾನೇಜರ್‌ಗೆ ಅನುಮಾನ. ನಾನು ಐಟಿ ರೂಮಿನಲ್ಲಿ ಲ್ಯಾಪ್‌ಟಾಪ್ ರಿಪೇರಿಗೆ ಕೊಟ್ಟು ಕಾಯ್ತಾ ಕೂತಿದ್ದೆ. ಮ್ಯಾನೇಜರ್ ಒಳಗೆ ಬಂದು ನೆಟ್‌ವರ್ಕ್ ಅಡ್ಮಿನ್‌ನ ಹೆಗಲ ಮೇಲೆ ಕೈ ಹಾಕಿ, "ಅವನ ಮೇಲ್‌ಬಾಕ್ಸ್ ಒಂದ್ಸಲ ತೆಗಿ ಗುರು, ಎರಡೇ ನಿಮಿಷ" ಅಂದರು.

ಆತ ಎದ್ದು ನಿಂತು, "ತೆಗೀಬಹುದು ಸಾರ್. ಎಚ್‌ಆರ್‌ಗೆ ಒಂದು ಮೇಲ್ ಹಾಕಿಬಿಡಿ, ಅವರು ಒಪ್ಪಿದ ತಕ್ಷಣ ತೆಗೆದು ಕೊಡ್ತೀನಿ" ಅಂದ. ಮ್ಯಾನೇಜರ್ ಮುಖ ಕೆಂಪಾಯ್ತು. ಮೇಲ್ ಮಾತ್ರ ಹೋಗಲೇ ಇಲ್ಲ.

ನಮ್ಮಂಥ ಸಣ್ಣ ಕಂಪನಿಯಲ್ಲಿ ಮೇಲ್, ಸರ್ವರ್, ಫೈರ್‌ವಾಲ್, ಬ್ಯಾಕಪ್ ಎಲ್ಲವೂ ಒಬ್ಬನ ಕೈಯಲ್ಲೇ ಇರುತ್ತವೆ. ಯಾರು ಯಾವ ಸೈಟ್ ನೋಡ್ತಾರೆ, ಯಾವ ಫೋಲ್ಡರಿನಲ್ಲಿ ಸಂಬಳದ ಪಟ್ಟಿ ಇದೆ, ಅವನಿಗೆ ಬೇಕಾದರೆ ಎಲ್ಲ ಕಾಣುತ್ತೆ. ಸಿಇಒಗೂ ಇಲ್ಲದ ಬೀಗದ ಕೈ ಅವನ ಹತ್ತಿರ. ನಮಗೆ ಅವನ ನೆನಪಾಗೋದು ವೈಫೈ ಕೈಕೊಟ್ಟಾಗ ಮಾತ್ರ.

ಅವತ್ತು ಆತ ಬಾಸ್‌ಗೆ ಇಲ್ಲ ಅಂದದ್ದು ನನಗೆ ಭಾರೀ ಇಷ್ಟ ಆಯ್ತು. ಆದರೆ ಆಮೇಲೆ ಟೆರ್ರಿ ಚೈಲ್ಡ್ಸ್ ಕತೆ ಓದಿದೆ. ಅವನೂ ಬಾಸ್‌ಗೆ ಇಲ್ಲ ಅಂದವನೇ.

ಚೈಲ್ಡ್ಸ್ ಸ್ಯಾನ್ ಫ್ರಾನ್ಸಿಸ್ಕೋ ನಗರಾಡಳಿತದ ನೆಟ್‌ವರ್ಕ್ ಎಂಜಿನಿಯರ್. ನಗರದ ಕಚೇರಿಗಳನ್ನು ಜೋಡಿಸುವ ಫೈಬರ್ ಜಾಲವನ್ನು ಕಟ್ಟಿ, ನೋಡಿಕೊಳ್ಳುತ್ತಿದ್ದವನು. 2008ರ ಜುಲೈನಲ್ಲಿ ಮೇಲಧಿಕಾರಿಗಳು ಪಾಸ್‌ವರ್ಡ್ ಕೇಳಿದರು. ಆತ ಕೊಡಲಿಲ್ಲ. ಆ ರೂಮಿನಲ್ಲಿ ಬೇರೆಯವರೂ ಇದ್ದರು, ಸ್ಪೀಕರ್‌ಫೋನಿನಲ್ಲೂ ಜನ ಇದ್ದರು. ಹೀಗೆ ಎಲ್ಲರೆದುರು ಪಾಸ್‌ವರ್ಡ್ ಹೇಳೋದು ಸುರಕ್ಷತೆಗೆ ವಿರುದ್ಧ, ಇವರಿಗೆ ಈ ಜಾಲ ನಡೆಸುವ ಅರ್ಹತೆ ಇಲ್ಲ ಅನ್ನೋದು ಅವನ ವಾದ. ಪೊಲೀಸರು ಬಂಧಿಸಿದರು. ಕೊನೆಗೆ ಮೇಯರ್ ಗ್ಯಾವಿನ್ ನ್ಯೂಸಮ್ ಜೈಲಿಗೇ ಹೋದಾಗ ಅವರೊಬ್ಬರಿಗೆ ಕೊಟ್ಟ. 2010ರಲ್ಲಿ ಕೋರ್ಟು ನಾಲ್ಕು ವರ್ಷ ಶಿಕ್ಷೆ ವಿಧಿಸಿತು.

ವಿಚಿತ್ರ ಏನಂದ್ರೆ, ಆತ ಜೈಲಿನಲ್ಲಿದ್ದಾಗಲೂ ಜಾಲ ನಿಲ್ಲಲಿಲ್ಲ. ಬೇಲಿಯೇ ಎದ್ದು ಹೊಲ ಮೇಯ್ತು ಅಂತೀವಲ್ಲ, ಇಲ್ಲಿ ಹಾಗಾಗಲಿಲ್ಲ. ಬೇಲಿ ಹೊಲವನ್ನು ಚೆನ್ನಾಗಿಯೇ ಕಾಯ್ತು. ಹೊಲದವರನ್ನೇ ಒಳಗೆ ಬಿಡಲಿಲ್ಲ, ಅಷ್ಟೇ.

ಹಾಗಾದರೆ ಇಬ್ಬರ 'ಇಲ್ಲ'ಕ್ಕೂ ಏನು ವ್ಯತ್ಯಾಸ? ಇಬ್ಬರೂ ಪ್ರಾಮಾಣಿಕರು ಅಂತಲೇ ಇಟ್ಟುಕೊಳ್ಳೋಣ. ನಮ್ಮ ಅಡ್ಮಿನ್ ಇಲ್ಲ ಅಂದಾಗ ಜೊತೆಗೆ ಒಂದು ದಾರಿ ತೋರಿಸಿದ: ಬರೆದು ಕೇಳಿ, ಇಂಥವರು ಒಪ್ಪಲಿ, ತೆಗೀತೀನಿ. ಆ ದಾರಿಯಲ್ಲಿ ಅವನ ಇಷ್ಟಾನಿಷ್ಟಕ್ಕೆ ಜಾಗ ಇರಲಿಲ್ಲ. ಅವನ ಜಾಗದಲ್ಲಿ ಬೇರೆ ಯಾರಿದ್ದರೂ ಅದೇ ನಿಯಮ. ಚೈಲ್ಡ್ಸ್‌ನ 'ಇಲ್ಲ' ಅವನಲ್ಲೇ ಮುಗಿಯಿತು. ಯಾರು ಅರ್ಹರು ಅಂತ ತೀರ್ಮಾನಿಸುವವನೂ ಅವನೇ ಆಗಿಬಿಟ್ಟ. ಕಾವಲುಗಾರ ಮಾಲೀಕನಾಗೋದು ಆ ಕ್ಷಣದಲ್ಲೇ ಅನ್ಸುತ್ತೆ. ಅದಕ್ಕೆ ದುರಾಸೆ ಇರಲೇಬೇಕು ಅಂತಿಲ್ಲ, ಅತಿಯಾದ ಪ್ರೀತಿಯೂ ಸಾಕು.

ಆದರೆ ಅವನನ್ನು ಬೈದು ಕೈತೊಳೆದುಕೊಳ್ಳೋಕೆ ನನಗೆ ಮನಸ್ಸಿಲ್ಲ. ಯೋಚನೆ ಮಾಡಿ, ಒಬ್ಬನ ತಲೆಗೇ ಎಲ್ಲ ಕಟ್ಟಿ, ರಾತ್ರಿ ಎರಡು ಗಂಟೆಗೂ ಅವನಿಗೇ ಫೋನ್ ಮಾಡಿ, ಎರಡನೆಯವರನ್ನು ತಗೊಳ್ಳೋಕೆ ಬಜೆಟ್ ಇಲ್ಲ ಅನ್ನೋರು ಯಾರು? 'ನಾನಿಲ್ಲದಿದ್ರೆ ಇದು ನಡೆಯಲ್ಲ' ಅಂತ ವರ್ಷಗಟ್ಟಲೆ ನಾವೇ ಅವನಿಗೆ ಕಲಿಸ್ತೀವಿ. ಒಂದು ದಿನ ಅವನು ಅದನ್ನು ನಂಬಿಬಿಟ್ಟರೆ ತಪ್ಪು ಪೂರ್ತಿ ಅವನದ್ದಾ?

ಕಳೆದ ವರ್ಷ ನಮ್ಮ ಅಡ್ಮಿನ್ ತಂಗಿಯ ಮದುವೆ ಅಂತ ನಾಲ್ಕು ದಿನ ಊರಿಗೆ ಹೊರಟ. "ನೀವು ಹೋದ್ರೆ ನಮ್ ಗತಿ ಏನ್ರೀ?" ಅಂತ ತಮಾಷೆ ಮಾಡಿದೆ. "ನಾನಿಲ್ದೇ ನಡೀಲಿಲ್ಲ ಅಂದ್ರೆ ನಾನು ಕೆಲಸ ಸರಿಯಾಗಿ ಮಾಡಿಲ್ಲ ಅಂತ" ಅಂದ. ಮುಖ್ಯ ಪಾಸ್‌ವರ್ಡನ್ನು ಕವರಿನಲ್ಲಿ ಹಾಕಿ, ಅಂಟಿಸಿ, ಮೇಲೆ ಸಹಿ ಮಾಡಿ ಅಕೌಂಟ್ಸ್‌ನವರ ಲಾಕರಿನಲ್ಲಿ ಇಟ್ಟ. ಪಕ್ಕದಲ್ಲೊಂದು ರಿಜಿಸ್ಟರ್: ಯಾರು ತೆಗೆದರು, ಯಾಕೆ, ಎಷ್ಟು ಹೊತ್ತಿಗೆ.

ಮೂರನೇ ದಿನ ವಿಪಿಎನ್ ಬಿತ್ತು. ಅವನ ಕೈಕೆಳಗೆ ಹೊಸದಾಗಿ ಸೇರಿದ್ದ ಹುಡುಗಿ ರಿಜಿಸ್ಟರಿನಲ್ಲಿ ಬರೆದು, ಕವರ್ ಒಡೆದು, ಸಂಜೆಯೊಳಗೆ ಸರಿಮಾಡಿದಳು. ಮದುವೆಮನೆಗೆ ಯಾರೂ ಫೋನ್ ಮಾಡಲಿಲ್ಲ.

ಸೋಮವಾರ ಆತ ಲಾಡು ಹಂಚಿ, ರಿಜಿಸ್ಟರ್ ಓದಿದ. ಆಮೇಲೆ ಪಾಸ್‌ವರ್ಡ್ ಬದಲಾಯಿಸಿ ಹೊಸ ಕವರ್ ಅಂಟಿಸೋಕೆ ಕೂತ.