ಕೃತಜ್ಞತೆಯ ಕೀರ್ದಿ

ಸಂಸಾರದಲ್ಲಿರುವವನಿಗೆ ಚಿಂತೆಯು ತಪ್ಪಿದುದಲ್ಲ. ಮಳೆ ಹೋದರೆ ಒಕ್ಕಲಿಗನಿಗೆ, ವ್ಯಾಪಾರ ಕುಗ್ಗಿದರೆ ಅಂಗಡಿಕಾರನಿಗೆ, ಮಗು ಕಾಯಿಲೆ ಬಿದ್ದರೆ ತಾಯಿಗೆ ನಿದ್ದೆಯು ದೂರವಾಗುತ್ತದೆ. ಅಂತಹ ಹೊತ್ತಿನಲ್ಲಿ ಮನಸ್ಸು ಇಲ್ಲದುದನ್ನೇ ಎಣಿಸುತ್ತದೆ. ಇರುವುದು ಕಣ್ಣೆದುರಿಗಿದ್ದರೂ ಕಾಣದು.

ಇದಕ್ಕೆ ಈಚಿನ ಮನಶ್ಶಾಸ್ತ್ರಜ್ಞರು ಒಂದು ಉಪಾಯವನ್ನು ಹೇಳುತ್ತಾರೆ. ತನಗೆ ದೊರೆತ ಉಪಕಾರಗಳನ್ನು ಪುಸ್ತಕದಲ್ಲಿ ಬರೆದಿಡುವುದೇ ಆ ಉಪಾಯ. ಅಮೆರಿಕೆಯ ರಾಬರ್ಟ್ ಎಮ್ಮನ್ಸ್ ಮತ್ತು ಮೈಕೇಲ್ ಮೆಕಲೊ ಎಂಬ ವಿದ್ವಾಂಸರು 2003ರಲ್ಲಿ ಇದರ ಪರೀಕ್ಷೆಯ ಫಲವನ್ನು ಪ್ರಕಟಿಸಿದರು. ಹತ್ತು ವಾರ, ವಾರಕ್ಕೊಮ್ಮೆ, ಐದರವರೆಗೆ ಇಂತಹ ಸಂಗತಿಗಳನ್ನು ಬರೆದ ವಿದ್ಯಾರ್ಥಿಗಳು, ತೊಂದರೆಗಳನ್ನು ಮಾತ್ರ ಬರೆದವರಿಗಿಂತ ತಮ್ಮ ಬಾಳಿನಲ್ಲಿ ಹೆಚ್ಚು ಸಮಾಧಾನವನ್ನು ಕಂಡರು.

ಇದು ಒಳ್ಳೆಯದೇ. ಆದರೆ ಶರಣಮಾರ್ಗದಲ್ಲಿ ನಡೆಯುವವನು ಇಲ್ಲಿ ಒಂದು ಪ್ರಶ್ನೆಯನ್ನು ತನಗೆ ತಾನೇ ಕೇಳಿಕೊಳ್ಳಬೇಕಾಗಿದೆ. ನನ್ನ ಮನಸ್ಸು ಹಗುರಾಗಲೆಂದು ತಾಳುವ ಕೃತಜ್ಞತೆಯು ನಿಜವಾದ ಕೃತಜ್ಞತೆಯೋ, ಅಥವಾ ಅದೂ ಒಂದು ಬಗೆಯ ವ್ಯಾಪಾರವೋ?

ಅಂಗಡಿಯ ಕೀರ್ದಿಯನ್ನು ನೋಡಿರಿ. ಅದರಲ್ಲಿ ಜಮಾ ಉಂಟು, ಖರ್ಚೂ ಉಂಟು. ಜಮಾ ಬದಿಯನ್ನಷ್ಟೇ ಬರೆದು ಸಂತೋಷಪಡುವ ವ್ಯಾಪಾರಿಯ ಅಂಗಡಿ ಬಹುಕಾಲ ನಿಲ್ಲದು. ನನಗೆ ಮನೆಯಿದೆ, ಅನ್ನವಿದೆ, ಆರೋಗ್ಯವಿದೆ ಎಂದು ದೊರೆತುದನ್ನೇ ಬರೆಯುತ್ತ ಹೋದರೆ ನಮ್ಮ ಪುಸ್ತಕವೂ ಹಾಗೆಯೇ ಆದೀತು. ಉಣ್ಣುವುದನ್ನು ನಮ್ಮ ಹಿರಿಯರು ಪ್ರಸಾದವೆಂದರು. ಮೊದಲು ಅರ್ಪಿಸಿ ಆಮೇಲೆ ಸ್ವೀಕರಿಸಿದುದು ಪ್ರಸಾದ. ತಟ್ಟೆಯ ಜೋಳದ ರೊಟ್ಟಿಯಲ್ಲಿ ಬಿತ್ತಿದವನ, ಕೊಯ್ದವಳ, ಬೀಸಿದವನ, ತಟ್ಟಿದವಳ ಕಾಯಕವಿದೆ. ಅದು ನನ್ನ ಅದೃಷ್ಟದ ಫಲವೆಂದುಕೊಂಡರೆ ಅವರೆಲ್ಲರನ್ನೂ ಮರೆತಂತಾಯಿತು.

ಆಯ್ದಕ್ಕಿ ಮಾರಯ್ಯನವರ ಕಥೆ ನಮಗೆಲ್ಲ ತಿಳಿದುದೇ. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದು ಅವರ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ತಂದಾಗ ಲಕ್ಕಮ್ಮನವರು ಹಿಗ್ಗಲಿಲ್ಲ. ಹೆಚ್ಚಿನದನ್ನು ಅಲ್ಲಿಗೇ ಮರಳಿಸಿರೆಂದರು. ಬಡತನದ ಆ ಮನೆಯಲ್ಲಿ ಕೃತಜ್ಞತೆಯು ಪಡೆದುದರ ಲೆಕ್ಕವಾಗಿ ನಿಲ್ಲಲಿಲ್ಲ, ಮರಳಿಸುವ ನಡೆಯಾಯಿತು.

ಇಲ್ಲಿ ಒಂದು ಆಕ್ಷೇಪ ಬರಬಹುದು. 2023ರಲ್ಲಿ ಮುಂಗಾರು ಕೈಕೊಟ್ಟು ನಮ್ಮ ರಾಜ್ಯದ 223 ತಾಲ್ಲೂಕುಗಳು ಬರಪೀಡಿತವೆಂದು ಘೋಷಿತವಾದವು. ಬೆಳೆ ಒಣಗಿ ಸಾಲ ಉಳಿದವನಿಗೆ, ಇರುವುದನ್ನು ನೆನೆದು ಸಂತೋಷಪಡು ಎನ್ನುವುದು ಧರ್ಮವೇ? ಖಂಡಿತವಾಗಿಯೂ ಅಲ್ಲ. ಕೃತಜ್ಞತೆಯು ನಾವು ನಮಗೆ ವಿಧಿಸಿಕೊಳ್ಳಬೇಕಾದ ವ್ರತ. ನೊಂದವನ ಬಾಯಿ ಮುಚ್ಚಿಸುವ ಉಪದೇಶವಲ್ಲ. ಅವನಿಗೆ ಸಲ್ಲಬೇಕಾದುದು ಕಾಳು, ಮೇವು, ಜೊತೆಗೆ ಕುಳಿತು ಕೇಳುವ ಕಿವಿ. ಅವನೇ ಮನಸಾರೆ ಬರೆಯುವುದಾದರೆ ಸಾಲವನ್ನೂ ಬರೆಯಲಿ, ಎತ್ತಿಗೆ ಹೊರೆ ಮೇವು ಕೊಟ್ಟ ನೆರೆಯವನನ್ನೂ ಬರೆಯಲಿ. ಎರಡೂ ಸತ್ಯವೇ. ಪ್ರಸಾದವೆಂದರೆ ಕಹಿಯನ್ನು ಸಿಹಿಯೆಂದು ಸುಳ್ಳಾಡುವುದಲ್ಲ.

ಆದುದರಿಂದ ಸದ್ಭಕ್ತರು ವಾರಕ್ಕೊಮ್ಮೆಯಾದರೂ ಸಂಜೆಯ ಲಿಂಗಪೂಜೆಯಾದ ಮೇಲೆ ಪುಸ್ತಕವನ್ನು ತೆರೆಯಲಿ. ಎಡಬದಿಯಲ್ಲಿ ಏನು ಬಂದಿತು, ಯಾರ ಕೈಯಿಂದ ಬಂದಿತು ಎಂಬುದನ್ನು ಹೆಸರು ಹಿಡಿದು ಬರೆಯಲಿ. ಬಲಬದಿಯಲ್ಲಿ ಕೊಟ್ಟೆನೆಂದು ಬರೆಯುವುದು ಬೇಡ, ಅದರಲ್ಲಿ ಅಹಂಕಾರವು ಹೊಕ್ಕೀತು, ಮರಳಿಸಿದೆನೆಂದು ಬರೆಯಲಿ. ಮರಳಿಸುವುದಕ್ಕೆ ಧನವೇ ಬೇಕೆಂದಿಲ್ಲ. ತನುವಿನ ದುಡಿಮೆಯೂ ಮನದ ಸಹಾನುಭೂತಿಯೂ ದಾಸೋಹವೇ. ಬಲಬದಿ ಬರಿದಾಗಿದ್ದರೆ ನಾಚಿ ಪುಸ್ತಕ ಮುಚ್ಚಬೇಕಾಗಿಲ್ಲ. ಎಡಬದಿಯ ಹೆಸರುಗಳಲ್ಲಿ ಒಂದನ್ನು ಆರಿಸಿ, ಮರುದಿನ ಬೆಳಿಗ್ಗೆ ಆ ಮನೆಯ ಬಾಗಿಲಿಗೆ ಹೋದರಾಯಿತು.