ಫೋನಿನ ಮಾತು ಆಪ್ತವಾಕ್ಯವೇ?

ನುಣುಪಾದ ಗಾಜು, ಮೇಲೆ ಒಂದು ಗುಂಡಿಯೂ ಇಲ್ಲ, ಕಣ್ಣು ಕಾಣದ ನೀವು ಇದನ್ನು ಹೇಗೆ ಬಳಸುತ್ತೀರಿ ಎಂದು ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರು ಕೇಳುತ್ತಲೇ ಇರುತ್ತಾರೆ. ನಾನು ತೋರಿಸುತ್ತೇನೆ. ಬೆರಳನ್ನು ಗಾಜಿನ ಮೇಲೆ ಮೆಲ್ಲಗೆ ಸರಿಸುತ್ತ ಹೋದರೆ ಅದರಡಿ ಇರುವುದನ್ನೆಲ್ಲ ಫೋನು ಕನ್ನಡದಲ್ಲೇ ಹೇಳುತ್ತ ಹೋಗುತ್ತದೆ: ಸಂದೇಶಗಳು, ಕ್ಯಾಮೆರಾ, ಗಡಿಯಾರ. ಬೇಕಾದದ್ದು ಕಿವಿಗೆ ಬಿದ್ದ ಕೂಡಲೇ ಎರಡು ಸಲ ತಟ್ಟಿದರಾಯಿತು, ಅದು ತೆರೆದುಕೊಳ್ಳುತ್ತದೆ. ಪರದೆಯನ್ನು ಪೂರ್ತಿ ಕಪ್ಪಾಗಿಸಿಕೊಂಡೂ ಕೆಲಸ ಮಾಡಬಹುದು. ಪಕ್ಕದವರಿಗೆ ನನ್ನ ಪತ್ರ ಕಾಣದು, ನನಗೆ ಕೇಳುತ್ತದೆ. ಐಫೋನಿಗೆ ಈ ಸೌಕರ್ಯ 2009ರಲ್ಲಿ ವಾಯ್ಸ್‌ಓವರ್ ಎಂಬ ಹೆಸರಿನಲ್ಲಿ ಬಂತು. ಆಂಡ್ರಾಯ್ಡ್ ಫೋನುಗಳಲ್ಲಿ ಅದೇ ಕೆಲಸವನ್ನು ಟಾಕ್‌ಬ್ಯಾಕ್ ಮಾಡುತ್ತದೆ.

ಗಾಜಿನ ಅಡಿಯಲ್ಲಿ ಇಂಡಿಯಂ ಟಿನ್ ಆಕ್ಸೈಡಿನ ತೆಳುವಾದ, ಪಾರದರ್ಶಕ ಪದರವಿರುತ್ತದಂತೆ. ಬೆರಳು ಹತ್ತಿರ ಬಂದಾಗ ಅಲ್ಲಿನ ವಿದ್ಯುತ್ ಕ್ಷೇತ್ರದಲ್ಲಿ ತುಸು ವ್ಯತ್ಯಾಸವಾಗುತ್ತದೆ, ಆ ವ್ಯತ್ಯಾಸದಿಂದ ಬೆರಳಿನ ಜಾಗ ಗೊತ್ತಾಗುತ್ತದೆ. ಒತ್ತಬೇಕಾಗಿಲ್ಲ. ಒಣ ಮರದ ಕಡ್ಡಿಗೆ ಅದು ಓಗೊಡುವುದಿಲ್ಲ. ಪೂಜೆ ಮುಗಿಸಿ ತೀರ್ಥದ ಒದ್ದೆ ಕೈಯಲ್ಲಿ ಮುಟ್ಟಿದರೆ ಎಲ್ಲಿ ಮುಟ್ಟಿದ್ದೆಂದು ತಿಳಿಯದೆ ತಬ್ಬಿಬ್ಬಾಗುತ್ತದೆ. ಹೀಗೆ ಗಾಜಿಗೆ ನನ್ನ ಬೆರಳು ಗೊತ್ತಾಗುತ್ತದೆ, ನನ್ನ ಬೆರಳಿಗೆ ಗಾಜಿನಿಂದ ಏನೂ ಗೊತ್ತಾಗುವುದಿಲ್ಲ. ಬ್ರೈಲಿನಲ್ಲಿ ಪ್ರತಿ ಅಕ್ಷರಕ್ಕೂ ಒಂದು ಮೈ ಇದೆ. ಗಾಜಿನ ಮೇಲೆ ವಿಷ್ಣುಸಹಸ್ರನಾಮಕ್ಕೂ ಕರೆಂಟ್ ಬಿಲ್ಲಿಗೂ ಒಂದೇ ಸ್ಪರ್ಶ. ಮೈಸೂರಿನಲ್ಲಿ ಗುರುಗಳ ಎದುರು ಕೂತು ಅನ್ನಂಭಟ್ಟನ ನ್ಯಾಯಗ್ರಂಥ ತರ್ಕಸಂಗ್ರಹವನ್ನು ಕಿವಿಯಿಂದಲೇ ಕಲಿತವನು ನಾನು. ಆ ಲೆಕ್ಕದಲ್ಲಿ ಹೇಳುವುದಾದರೆ ಫೋನಿನಿಂದ ನನಗೆ ಬರುವ ಜ್ಞಾನ ಮುಟ್ಟಿ ತಿಳಿಯುವ ತ್ವಗಿಂದ್ರಿಯದ್ದಲ್ಲ, ಅಷ್ಟೂ ಶಬ್ದದಿಂದ ಬಂದದ್ದು. ಹಾಗಾದರೆ ಅದನ್ನು ಶಬ್ದಪ್ರಮಾಣ, ಅಂದರೆ ನಂಬಬಹುದಾದ ಮಾತಿನಿಂದ ಬಂದ ಅರಿವು, ಎನ್ನಬಹುದೇ? ಕೆಲವು ಕಾಲದಿಂದ ನನ್ನನ್ನು ಬಿಡದೆ ಕಾಡುತ್ತಿರುವ ಪ್ರಶ್ನೆ ಇದು.

ಹೊಸ ಫೋನುಗಳು ಬರೀ ಪರದೆಯನ್ನು ಓದಿ ಸುಮ್ಮನಾಗುವುದಿಲ್ಲ, ಎದುರಿಗಿರುವ ಲೋಕವನ್ನೂ ಹೇಳುತ್ತವೆ. ಮಾತ್ರೆಯ ಹಾಳೆಯ ಮೇಲಿನ ಹೆಸರನ್ನು ಓದುತ್ತವೆ. ರಿಸರ್ವ್ ಬ್ಯಾಂಕು 2020ರ ಜನವರಿಯಲ್ಲಿ ತಂದ 'ಮನಿ' ಆ್ಯಪ್ ನೋಟನ್ನು ಕ್ಯಾಮೆರಾದ ಮುಂದೆ ಹಿಡಿದರೆ ಎಷ್ಟು ರೂಪಾಯಿಯದೆಂದು ಹೇಳುತ್ತದೆ. ದೂರ ಅಳೆಯುವ ಲೈಡಾರ್ ಇರುವ ಐಫೋನುಗಳು 2022ರಿಂದ ಬಾಗಿಲು ಎಷ್ಟು ದೂರದಲ್ಲಿದೆ, ತೆರೆದಿದೆಯೋ ಮುಚ್ಚಿದೆಯೋ ಎಂಬುದನ್ನೂ ತಿಳಿಸುತ್ತವೆ. ಇವೆಲ್ಲ ನನ್ನಂಥವರಿಗೆ ಎಂಥ ಸ್ವಾತಂತ್ರ್ಯ ಕೊಟ್ಟಿವೆ ಎಂಬುದನ್ನು ಕಣ್ಣಿದ್ದವರಿಗೆ ವಿವರಿಸುವುದು ಕಷ್ಟ. ಡೆನ್ಮಾರ್ಕಿನವರು 2015ರಲ್ಲಿ 'ಬಿ ಮೈ ಐಸ್' ಎಂಬ ಆ್ಯಪ್ ತಂದಾಗ ನಮ್ಮ ಕ್ಯಾಮೆರಾದ ಮೂಲಕ ನೋಡಿ ಹೇಳುತ್ತಿದ್ದವರು ಎಲ್ಲೋ ಕೂತ ಸ್ವಯಂಸೇವಕರು, ಮನುಷ್ಯರು. 2023ರಲ್ಲಿ ಅದಕ್ಕೆ ಕೃತಕ ಬುದ್ಧಿಮತ್ತೆ ಸೇರಿತು. ಈಗ ಇಂಥ ಆ್ಯಪ್‌ಗಳು ಹಲವಾರಿವೆ. ಚಿತ್ರ ಕೊಟ್ಟರೆ ಯಂತ್ರವೇ ನೋಡಿ, ಯಂತ್ರವೇ ವರ್ಣಿಸುತ್ತದೆ.

ಉಡುಪಿ ಕೃಷ್ಣನ ದಿನದ ಅಲಂಕಾರದ ಫೋಟೋಗಳು ವಾಟ್ಸಾಪಿನಲ್ಲಿ ಓಡಾಡುತ್ತಿರುತ್ತವೆ. ಅಂಥದೊಂದನ್ನು ನಾನು ಬಳಸುವ ಆ್ಯಪ್ ಒಂದಕ್ಕೆ ಕೊಟ್ಟೆ. ಕಪ್ಪು ಶಿಲೆಯ ವಿಗ್ರಹ, ಬಂಗಾರದ ಕಿರೀಟ, ಹೂಮಾಲೆಗಳು, ಕೈಯಲ್ಲಿ ಕೊಳಲು ಎಂದಿತು. ಸ್ಪಷ್ಟವಾದ ದನಿ, ಒಂದಿಷ್ಟೂ ಅನುಮಾನವಿಲ್ಲ. ಉಡುಪಿಯಲ್ಲಿರುವುದು ಬಾಲಕೃಷ್ಣ. ಒಂದು ಕೈಯಲ್ಲಿ ಕಡೆಗೋಲು, ಇನ್ನೊಂದರಲ್ಲಿ ಹಗ್ಗ. ಇದು ಕರಾವಳಿಯ ಮಕ್ಕಳಿಗೂ ಗೊತ್ತು. ಆದರೆ ಅಲಂಕಾರ ದಿನಕ್ಕೊಂದು ಬಗೆಯಾಗಿರುತ್ತದೆ. ವೇಣುಗೋಪಾಲನಾಗಿ ಸಿಂಗರಿಸಿದ ದಿನವಾಗಿದ್ದರೆ? ತಂಗಿಯ ಮಗಳನ್ನು ಕರೆದು ಫೋಟೋ ತೋರಿಸಿದೆ. ಹತ್ತಿರ ಹಿಡಿದು, ದೊಡ್ಡದು ಮಾಡಿ ನೋಡಿದಳು. "ಮಾಮ, ಕೈಯೇ ಕಾಣಲ್ಲ. ತುಳಸಿ ಮಾಲೆ ಪೂರ್ತಿ ಮುಚ್ಚಿದೆ. ಏನು ಹಿಡ್ಕೊಂಡಿದಾನೋ ಗೊತ್ತಾಗ್ತಾ ಇಲ್ಲ."

ಕಾಣದ ಕೈಗೆ ಯಂತ್ರ ಕೊಳಲು ಕೊಟ್ಟಿತ್ತು. ಕೃಷ್ಣನ ಚಿತ್ರಗಳಲ್ಲಿ ಸಾಮಾನ್ಯವಾಗಿ ಕೊಳಲು ಇರುತ್ತದೆ, ಆದ್ದರಿಂದ ಇಲ್ಲೂ ಇದ್ದೀತು ಎಂಬ ಊಹೆಯನ್ನು ಕಂಡದ್ದರ ದನಿಯಲ್ಲೇ ಹೇಳಿಬಿಟ್ಟಿತು. ಯಾರು ಬೇಕಾದರೂ ತಪ್ಪು ನೋಡಬಹುದು, ಅದು ದೊಡ್ಡ ಮಾತಲ್ಲ. ಇಲ್ಲಿ ತೊಂದರೆ ಬೇರೆ. ಕಿರೀಟ ಎಂದಾಗಲೂ ಕೊಳಲು ಎಂದಾಗಲೂ ಅದರ ದನಿ ಒಂದೇ ಆಗಿತ್ತು. ಕಂಡದ್ದು ಯಾವುದು, ಊಹಿಸಿದ್ದು ಯಾವುದು ಎಂದು ಕೇಳುವವನಿಗೆ ತಿಳಿಯುವ ದಾರಿಯೇ ಇರಲಿಲ್ಲ.

ನ್ಯಾಯಶಾಸ್ತ್ರದ ಪ್ರಕಾರ ಆಪ್ತನ ಮಾತು ಮಾತ್ರ ಶಬ್ದಪ್ರಮಾಣ. ಅನ್ನಂಭಟ್ಟ ಆಪ್ತನೆಂದರೆ ಇದ್ದದ್ದನ್ನು ಇದ್ದಂತೆ ಹೇಳುವವನು ಎಂದು ಮುಗಿಸುತ್ತಾನೆ. ಅಷ್ಟೇ ಆದರೆ ಯಂತ್ರವೂ ಬಹಳ ಸಲ ಆಪ್ತನೇ. ನ್ಯಾಯಸೂತ್ರಗಳಿಗೆ ಭಾಷ್ಯ ಬರೆದ ವಾತ್ಸ್ಯಾಯನ ಇನ್ನೂ ಬಿಗಿ. ವಸ್ತುವನ್ನು ತಾನೇ ಸಾಕ್ಷಾತ್ತಾಗಿ ಅರಿತಿರಬೇಕು, ಅರಿತದ್ದನ್ನು ಅರಿತಂತೆಯೇ ಇನ್ನೊಬ್ಬರಿಗೆ ತಿಳಿಸಬೇಕೆಂಬ ಇಚ್ಛೆಯಿಂದ ಮಾತಾಡಬೇಕು, ಅಂಥವನು ಆಪ್ತ ಎನ್ನುತ್ತಾನೆ. ಈ ಲಕ್ಷಣ ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಸಮಾನ ಎಂದೂ ಸೇರಿಸುತ್ತಾನೆ. ಅಷ್ಟು ಹಿಂದೆಯೇ ಹೀಗೆ ಬಾಗಿಲು ತೆರೆದಿಟ್ಟ ಆ ಮನಸ್ಸಿಗೆ ನಾನು ತಲೆಬಾಗುತ್ತೇನೆ. ಹುಟ್ಟು, ಕುಲ, ಭಾಷೆ ಯಾವುದೂ ಅಡ್ಡಿಯಲ್ಲ. ಅರಿವು ಮತ್ತು ಇಚ್ಛೆ ಎರಡಿದ್ದರೆ ಸಾಕು. ಆ ಬಾಗಿಲಲ್ಲಿ ನನ್ನ ಫೋನನ್ನು ನಿಲ್ಲಿಸಿದರೆ ಎರಡರಲ್ಲೂ ಸೋಲುತ್ತದೆ. ತಂಗಿಯ ಮಗಳು ಗೆಲ್ಲುತ್ತಾಳೆ, ಗೊತ್ತಾಗುತ್ತಿಲ್ಲ ಎಂದದ್ದಕ್ಕೇ ಗೆಲ್ಲುತ್ತಾಳೆ.

ಮೀಮಾಂಸೆ ಓದಿದ ಗೆಳೆಯರೊಬ್ಬರು ಇದನ್ನು ಒಪ್ಪಲಿಲ್ಲ. ಮಾತಿನ ದೋಷವೆಲ್ಲ ಆಡುವವನ ದೋಷ. ವೇದಕ್ಕೆ ಕರ್ತೃವಿಲ್ಲ, ಆದ್ದರಿಂದ ದೋಷವಿಲ್ಲ ಎನ್ನುತ್ತೇವೆ. ಯಂತ್ರಕ್ಕೂ ಆಸೆಯಿಲ್ಲ, ದ್ವೇಷವಿಲ್ಲ, ಮೋಸ ಮಾಡುವ ಮನಸ್ಸಿಲ್ಲ, ಅದರ ಮಾತನ್ನೇಕೆ ನಂಬಬಾರದು ಎಂದರು. ವಾದ ಚೆನ್ನಾಗಿದೆ, ನಿಲ್ಲುವುದಿಲ್ಲ. ಯಂತ್ರ ಮಾತು ಕಲಿತದ್ದು ಲೆಕ್ಕವಿಲ್ಲದಷ್ಟು ಮನುಷ್ಯರು ಬರೆದಿಟ್ಟದ್ದರಿಂದ. ಅವರೆಲ್ಲರ ಭ್ರಮೆ, ಅವಸರ, ಅರೆತಿಳಿವಳಿಕೆ ಅದರೊಳಗೆ ಸೇರಿಕೊಂಡಿವೆ. ಅದು ಅಪೌರುಷೇಯವಲ್ಲ, ಅತಿ ಪೌರುಷೇಯ. ಇಷ್ಟು ಜನರ ಮಾತು ಸೇರಿಯೂ, ಕೊಳಲು ಎಲ್ಲಿಂದ ಬಂತು ಎಂದು ಕೇಳಿದರೆ ಉತ್ತರ ಕೊಡಬೇಕಾದವರು ಯಾರೂ ಇಲ್ಲ. ಅರಿವು ತಾನಾಗಿಯೇ ಪ್ರಮಾಣ, ಅದನ್ನು ಅಲ್ಲಗಳೆಯುವ ಬಾಧಕ ಬರುವವರೆಗೆ ನಂಬು ಎಂದು ಕುಮಾರಿಲ ಭಟ್ಟರು ಹೇಳಿದ್ದು ನಿಜ. ಬಾಧಕ ಕಣ್ಣಿದ್ದವರಿಗೆ ತಾನಾಗಿಯೇ ಬರುತ್ತದೆ. ನಾನು ಅದನ್ನು ಕೂಗಿ ಕರೆಯಬೇಕು.

ಇಷ್ಟು ಚರ್ಚೆ ಏಕೆಂದರೆ, ಶಬ್ದದಿಂದ ಬಂದ ಅರಿವು ಎರಡನೇ ದರ್ಜೆಯದೆಂದು ನಾನು ಒಪ್ಪುವವನಲ್ಲ. ಅದ್ವೈತಿಗಳಲ್ಲೇ ಇದರ ಬಗ್ಗೆ ಹಳೆಯ ಜಗಳವಿದೆ. ಮಾತಿನಿಂದ ನೇರ ಅರಿವು ಹುಟ್ಟಲಾರದು, ಸಂಸ್ಕಾರಗೊಂಡ ಮನಸ್ಸಿನಿಂದಲೇ ಹುಟ್ಟಬೇಕು ಎಂಬುದು ಭಾಮತಿಯ ಪಕ್ಷ. ಮಾತಿನಿಂದಲೇ ಹುಟ್ಟುತ್ತದೆ ಎಂಬುದು ವಿವರಣದ ಪಕ್ಷ. ಅದಕ್ಕೆ ಅವರು ಕೊಡುವ ದೃಷ್ಟಾಂತ ಎಲ್ಲರಿಗೂ ಗೊತ್ತಿರುವ ದಶಮನ ಕಥೆ. ಹತ್ತು ಜನ ಹೊಳೆ ದಾಟುತ್ತಾರೆ. ಎಣಿಸುವವನು ತನ್ನನ್ನು ಬಿಟ್ಟು ಒಂಬತ್ತೇ ಎಣಿಸಿ, ಒಬ್ಬ ಮುಳುಗಿಹೋದನೆಂದು ಅಳುತ್ತಾನೆ. ದಾರಿಹೋಕ ಬಂದು ಹತ್ತನೆಯವನು ನೀನೇ ಎನ್ನುತ್ತಾನೆ. ಮಾತು ಕೇಳಿದ ಕ್ಷಣವೇ ಹತ್ತನೆಯವನು ಸಿಕ್ಕುತ್ತಾನೆ, ಬೇರೆ ಏನೂ ಬೇಕಾಗುವುದಿಲ್ಲ. ಉಡುಪಿಯ ನವಗ್ರಹ ಕಿಂಡಿಯ ಮುಂದೆ ನಿಂತಾಗ ನನಗೆ ಆಗುವುದೂ ಅದೇ. ಎಣ್ಣೆ ದೀಪದ ವಾಸನೆ ಬರುತ್ತದೆ, ಹಿಂದಿನವರ ಉಸಿರು ಕತ್ತಿಗೆ ತಾಗುತ್ತದೆ, ಪಕ್ಕದಲ್ಲಿ ನಿಂತ ತಂಗಿ ಕಿವಿಯ ಹತ್ತಿರ ಬಂದು ಇವತ್ತು ಏನು ಉಡಿಸಿದ್ದಾರೆ, ಯಾವ ಹೂವು ಎಂದು ಹೇಳುತ್ತಾಳೆ. ಆ ಮಾತಿನಲ್ಲೇ ನನಗೆ ಕೃಷ್ಣ ಸಿಗುತ್ತಾನೆ. ನಿನಗೇನು ಕಂಡಿತಪ್ಪ ಎಂದು ಕನಿಕರಪಡುವವರಿಗೆ ನಾನು ವಿವರಣದವರ ಪಕ್ಷ ಎಂದಷ್ಟೇ ಹೇಳುತ್ತೇನೆ.

ಆ ಎಣಿಸುವವನ ಕೈಯಲ್ಲಿ ಇವತ್ತಿನ ಫೋನು ಇದ್ದಿದ್ದರೆ? ಎದುರಿಗಿರುವ ಜನರನ್ನು ಅದು ಚೆನ್ನಾಗಿಯೇ ಎಣಿಸುತ್ತದೆ. ಗೆಳೆಯರ ಕಡೆ ಕ್ಯಾಮೆರಾ ಹಿಡಿದಿದ್ದರೆ ಒಂಬತ್ತು ಎಂದೇ ಹೇಳುತ್ತಿತ್ತು. ಹಿಡಿದವನ ಕೈಯಿಂದ ನೋಡುವ ಯಂತ್ರಕ್ಕೆ ಹಿಡಿದವನು ಕಾಣುವುದಿಲ್ಲ. ಅವನ ತಪ್ಪನ್ನೇ ಅದು ಇನ್ನಷ್ಟು ಗಟ್ಟಿ ದನಿಯಲ್ಲಿ ಹೇಳುತ್ತಿತ್ತು. ಕಥೆಯಲ್ಲಿ ಬೇಕಾದದ್ದು ಹೊರಗಿನಿಂದ ಬಂದವನು, ಅಳುವವನ ಮುಖ ನೋಡಿದವನು.

ನನ್ನ ತೀರ್ಮಾನ ಇಷ್ಟು. ಫೋನಿನ ವರ್ಣನೆಯನ್ನು ನಾನು ಶಬ್ದಪ್ರಮಾಣದಲ್ಲಿ ಸೇರಿಸುವುದಿಲ್ಲ, ಅನುಮಾನಕ್ಕೆ, ಅಂದರೆ ಗುರುತಿನಿಂದ ಊಹಿಸಿ ತಿಳಿಯುವುದಕ್ಕೆ, ಒದಗುವ ಒಂದು ಗುರುತೆಂದು ಇಟ್ಟುಕೊಳ್ಳುತ್ತೇನೆ. ಹೊಗೆ ಕಂಡಲ್ಲಿ ಬೆಂಕಿಯನ್ನು ಊಹಿಸಬಹುದು, ಆದರೆ ಕಂಡದ್ದು ಹೊಗೆಯೋ ಮಂಜೋ ಎಂದು ವಿಚಾರಿಸುವ ಹೊಣೆ ಊಹಿಸುವವನದು. ನೋಟು, ಬಾಗಿಲು ಇಂಥವುಗಳಲ್ಲಿ ಬೆರಳಿನಿಂದ ಪರೀಕ್ಷಿಸಿಕೊಳ್ಳುತ್ತೇನೆ. ಮಾತ್ರೆಯ ವಿಷಯದಲ್ಲಿ ಮನೆಯವರನ್ನು ಕೇಳದೆ ನುಂಗುವುದಿಲ್ಲ. ಅರಿವು ಸರಿಯೇ ಎಂದು ಕೊನೆಗೆ ನಿಶ್ಚಯಿಸುವುದು ಒಳಗಿನ ಸಾಕ್ಷಿ ಎಂದರು ಮಧ್ವರು. ಆ ಕೆಲಸವನ್ನು ಕೈಯಲ್ಲಿರುವ ಯಂತ್ರಕ್ಕೆ ಒಪ್ಪಿಸಲಾಗದು. ಇಂಥ ಆ್ಯಪ್ ಮಾಡುವವರಲ್ಲಿ ನನ್ನದೊಂದು ಬೇಡಿಕೆ: ಕಾಣದಿದ್ದಾಗ ಕಾಣುತ್ತಿಲ್ಲ ಎನ್ನುವುದನ್ನು ಅದಕ್ಕೆ ಮೊದಲು ಕಲಿಸಿ.

ಕಣ್ಣಿರುವ ಓದುಗರಲ್ಲಿ ಇನ್ನೊಂದು. ಈಗೀಗ ದೇವಸ್ಥಾನದಲ್ಲಿ, ಮ್ಯೂಸಿಯಮ್ಮಿನಲ್ಲಿ, ಮದುವೆ ಮನೆಯಲ್ಲಿ ನಮ್ಮನ್ನು ಕರೆದುಕೊಂಡು ಹೋದವರು, ನಿಮ್ಮ ಫೋನೇ ಹೇಳುತ್ತಲ್ಲ ಎಂದು ಮುಂದೆ ಹೋಗಿಬಿಡುತ್ತಾರೆ. ಹಾಗೆ ಮಾಡಬೇಡಿ. ಒಂದು ನಿಮಿಷ ನಿಂತು, ನಿಮಗೆ ಕಂಡಷ್ಟನ್ನು ನಿಮ್ಮ ಮಾತಿನಲ್ಲಿ ನಮಗೆ ಹೇಳಿ.