ಬಾವಿಯ ಮುಂದೆ ಕೇಳಿದ ಪ್ರಶ್ನೆ

☸️ *ದಿನದ ಧಮ್ಮ ಚಿಂತನೆ* ☸️




ಕಳೆದ ವಾರ ಸಂಗೊಳ್ಳಿಯಿಂದ ಏಳನೆಯ ತರಗತಿಯ ಮಕ್ಕಳನ್ನು ಕಿತ್ತೂರಿಗೆ ಕರೆದುಕೊಂಡು ಹೋಗಿದ್ದೆವು. ಕೋಟೆಯೊಳಗಿನ ಮ್ಯೂಜಿಯಂನಲ್ಲಿ ಶಿಲ್ಪ, ವೀರಗಲ್ಲು, ಶಾಸನ ಎಲ್ಲವನ್ನೂ ಮಕ್ಕಳು ನೋಡಿದರು. ರಾಯಣ್ಣನ ಊರಿನ ಮಕ್ಕಳಲ್ಲವೇ, ಖಡ್ಗಗಳ ಮುಂದೆ ಬಹಳ ಹೊತ್ತು ನಿಂತರು. 1824ರ ಅಕ್ಟೋಬರ್ 23ರಂದು ಕಲೆಕ್ಟರ್ ಥ್ಯಾಕರೆ ಇಲ್ಲಿಯೇ ಹತನಾದ ಎಂದಾಗ ಚಪ್ಪಾಳೆ ತಟ್ಟಿದರು. ನನಗೂ ಹೆಮ್ಮೆ ಎನಿಸಿತು.

ಅಲ್ಲಿಂದ ಅರಮನೆಯ ಅವಶೇಷಗಳ ಕಡೆ ನಡೆದೆವು. ಸ್ನಾನದ ಕೋಣೆಗಳನ್ನೂ ಬಾವಿಯನ್ನೂ ತೋರಿಸುತ್ತಿದ್ದೆ. ನಮ್ಮ ಕೇರಿಯ ಹುಡುಗಿಯೊಬ್ಬಳು ಕೇಳಿದಳು:

"ಸರ್, ಆಗ ನಮ್ಮ ಮಂದಿ ಈ ಬಾವಿ ನೀರ ಮುಟ್ಟತಿದ್ರೇನ್ರೀ?"

ಎಲ್ಲ ಮಕ್ಕಳೂ ನನ್ನ ಮುಖ ನೋಡಿದರು. ಜೊತೆಗಿದ್ದ ಶಿಕ್ಷಕರೂ ನೋಡಿದರು. ನಾನು ಅಂದೆ: "ಅದೆಲ್ಲಾ ಈಗ ಯಾಕವಾ, ಸಾಲು ಬಿಡಬ್ಯಾಡ, ಮುಂದ ನಡಿ."

ಅಂದು ರಾತ್ರಿ ತ್ರಿಸರಣ, ಪಂಚಶೀಲ ಹೇಳುವಾಗ ನಾಲ್ಕನೆಯ ಶೀಲಕ್ಕೆ ಬಂದು ನಿಂತುಬಿಟ್ಟೆ. ನಾನು ಸುಳ್ಳನ್ನೇನೂ ಆಡಿರಲಿಲ್ಲ. ಆದರೆ ಗೊತ್ತಿದ್ದ ಸತ್ಯವನ್ನು, ಕೇಳಿದ ಮಗುವಿಗೆ, ನನ್ನ ಮುಜುಗರ ಉಳಿಸಿಕೊಳ್ಳಲು ಹೇಳಲಿಲ್ಲ. *ಇಂಥ ಮೌನ ಶೀಲವೇ?*

'ಮಾತಿನಲ್ಲಿ ಸಂಯಮವಿರಬೇಕು ಎಂದು ಧಮ್ಮವೇ ಹೇಳುತ್ತದಲ್ಲ' ಎಂದು ಮನಸ್ಸು ನೆಪ ಹುಡುಕಿತು. ಆಗ ಸನ್ನತಿಯ ಕಲ್ಲು ನೆನಪಾಯಿತು. ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ, ಚಂದ್ರಲಾಂಬಾ ದೇವಸ್ಥಾನದ ಆವರಣದ ಕಾಳಿ ಗುಡಿಯ ಚಾವಣಿ 1986ರಲ್ಲಿ ಕುಸಿಯಿತು. ಮೂರ್ತಿಯ ಪೀಠವಾಗಿದ್ದ ಕಲ್ಲು ಹೊರಬಂತು. ನೋಡಿದರೆ ಅದು ಸಾಮ್ರಾಟ ಅಶೋಕನ ಶಾಸನ. ಮೂರ್ತಿ ಕೂರಿಸಲು ನಡುವೆ ಕೊರೆದದ್ದರಿಂದ ಒಂದಷ್ಟು ಅಕ್ಷರ ಹಾಳಾಗಿದ್ದವು. ಉಳಿದವು ಹಾಗೆಯೇ ಇದ್ದವು. ಆ ಕಲ್ಲಿನಲ್ಲಿರುವುದರಲ್ಲಿ ಹನ್ನೆರಡನೆಯ ಶಾಸನವೂ ಒಂದು. ತನ್ನ ಪಂಥವನ್ನು ಹೊಗಳಿಕೊಂಡು ಪರರ ಪಂಥವನ್ನು ಜರಿಯಬಾರದು, ಮಾತಿಗೆ ಹಿಡಿತವಿರಬೇಕು ಎನ್ನುವುದು ಅದರ ಸಾರ.

ಅಶೋಕ ಹೇಳಿದ ಹಿಡಿತ ಇನ್ನೊಬ್ಬರನ್ನು ಜರಿಯದಿರಲು. ನಾನು ಹಿಡಿದ ಮೌನ ನನ್ನನ್ನು ಕಾಪಾಡಿಕೊಳ್ಳಲು. ಎರಡೂ ಒಂದೇ ಅಲ್ಲ. ಅಭಯರಾಜಕುಮಾರ ಸುತ್ತದಲ್ಲಿ ಭಗವಾನ್ ಬುದ್ಧರು ಇದನ್ನೇ ವಿವರಿಸುತ್ತಾರೆ: ಮಾತು ಸತ್ಯವಾಗಿದ್ದು ಹಿತವಾಗಿದ್ದರೆ, ಕೇಳುವವರಿಗೆ ಅಪ್ರಿಯವಾದರೂ, ತಕ್ಕ ಸಮಯ ನೋಡಿ ತಥಾಗತರು ಅದನ್ನು ಆಡುತ್ತಾರೆ. ಮಗು ತಾನಾಗಿ ಕೇಳಿದ್ದಕ್ಕಿಂತ ತಕ್ಕ ಸಮಯ ಇನ್ನಾವುದು?

ಮರುದಿನ ತರಗತಿಯಲ್ಲಿ ಆ ಪ್ರಶ್ನೆಯನ್ನು ನಾನೇ ಎತ್ತಿದೆ. "ನಿನ್ನೆ ನಾನು ಉತ್ತರ ಹೇಳದೇ ಹೋದೆ, ಅದು ನನ್ನ ತಪ್ಪು" ಎಂದೆ. ಆ ಕಾಲದಲ್ಲಿ ನಮ್ಮ ಜನರಿಗೆ ಊರ ಬಾವಿ ಮುಟ್ಟುವ ಹಕ್ಕಿರಲಿಲ್ಲ ಎಂದೆ. ಕಿತ್ತೂರಿನ ಯುದ್ಧವಾಗಿ 100 ವರ್ಷ ದಾಟಿದ ಮೇಲೂ, 1927ರ ಮಾರ್ಚ್ 20ರಂದು ಮಹಾಡದ ಚವದಾರ ಕೆರೆಯ ನೀರು ಮುಟ್ಟಲು ಬಾಬಾಸಾಹೇಬರು ಸತ್ಯಾಗ್ರಹವನ್ನೇ ಮಾಡಬೇಕಾಯಿತು ಎಂದೂ ಹೇಳಿದೆ.

ಯಾರಾದರೂ ಮುನಿಸಿಕೊಳ್ಳಬಹುದು ಎಂಬ ಅಂಜಿಕೆ ನನಗಿತ್ತು. ಆದರೆ ಗೌಡರ ಓಣಿಯ ಹುಡುಗ ಎದ್ದು ಕೇಳಿದ್ದು ಇಷ್ಟೇ: "ಹಂಗಾದ್ರ ಅವರು ನೀರ ಎಲ್ಲಿಂದ ತರತಿದ್ರೀ ಸರ್?"

"ನಮ್ಮ ಅಮ್ಮ ಹಳ್ಳದಾಗ ವರತಿ ತೋಡಿ ತರತಿದ್ಳು" ಎಂದೆ. ತರಗತಿ ಸುಮ್ಮನಾಯಿತು. ಆ ಹುಡುಗಿ ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು.

ಇದರಿಂದ ಚನ್ನಮ್ಮಳ ಶೌರ್ಯವೇನೂ ಕಡಿಮೆಯಾಗಲಿಲ್ಲ. 1831ರ ಜನವರಿ 26ರಂದು ನಂದಗಡದಲ್ಲಿ ಗಲ್ಲಿಗೇರಿದ ರಾಯಣ್ಣನ ತ್ಯಾಗವೂ ಕಡಿಮೆಯಾಗಲಿಲ್ಲ. ಮ್ಯೂಜಿಯಂನಲ್ಲಿ ಖಡ್ಗಕ್ಕೆ ಗಾಜಿನ ಪೆಟ್ಟಿಗೆಯಿದೆ. ವರತಿ ತೋಡಿದ ಕೈಗಳಿಗೆ ಇಲ್ಲ. ಅವುಗಳ ಕಥೆ ಉಳಿಯುವುದು ನಾವು ಹೇಳಿದರೆ ಮಾತ್ರ.

*ಇಂದಿನ ಅಭ್ಯಾಸ:* ನಿಮ್ಮ ಅಜ್ಜಿ ಎಲ್ಲಿಂದ ನೀರು ತರುತ್ತಿದ್ದರು? ಇಂದು ಸಂಜೆ ಮನೆಯ ಮಕ್ಕಳಿಗೆ ಹೇಳಿ. ಯಾರನ್ನೂ ಜರಿಯದೆ, ಏನನ್ನೂ ಮುಚ್ಚಿಡದೆ ಹೇಳಿ.

ಭವತು ಸಬ್ಬ ಮಂಗಲಂ 🙏
ಸಾಧು, ಸಾಧು, ಸಾಧು